ಸೂಪ್ ನೀರಾಗುತ್ತೆ, ಪಾಯಸ ಒಡೆಯುತ್ತೆ: ಏನು ಮಾಡಲಿ?

ಪ್ರಶ್ನೆ: ನಾವು ಸೋಮವಾರಪೇಟೆ ಹತ್ತಿರ ಇರುವವರು. ನಾನು ಕೆಲಸ ಮುಗಿಸಿ ಮನೆಗೆ ಬರುವಾಗ ಸಂಜೆ ಆರೂವರೆ. ಮನೆಯಲ್ಲಿ ಮಾವನಿಗೆ ಬಿಪಿ, ಶುಗರ್ ಎರಡೂ ಇದೆ. ಮಕ್ಕಳಿಬ್ಬರು, ಒಬ್ಬಳಿಗೆ ಒಂಬತ್ತು, ಇನ್ನೊಬ್ಬನಿಗೆ ಐದು. ಮಳೆ ಶುರುವಾದರೆ ಎಲ್ಲರಿಗೂ ಬಿಸಿಬಿಸಿ ಸೂಪ್ ಬೇಕು, ಊಟದ ಮೇಲೆ ಏನಾದರೂ ಸಿಹಿ ಬೇಕು. ಪ್ಯಾಕೆಟ್ ಬೇಡ ಅಂತ ಮನೆಯಲ್ಲೇ ಸೂಪ್ ಮಾಡಿದರೆ ಬಣ್ಣದ ನೀರಿನ ಹಾಗೆ ಆಗುತ್ತೆ. ಕಾರ್ನ್‌ಫ್ಲೋರ್ ಹಾಕಿದರೆ ಗೋಂದು. ಬೆಲ್ಲದ ಪಾಯಸ ಮಾಡಿದರೆ ಮೂರು ಸಲಕ್ಕೆ ಎರಡು ಸಲ ಹಾಲು ಒಡೆಯುತ್ತೆ. ಓವನ್ ಇಲ್ಲ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಸುಲಭದ ದಾರಿ ಏನಾದರೂ ಇದೆಯಾ?

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಮಧ್ಯಾಹ್ನದ ಅನ್ನ ಒಂದು ಹಿಡಿಯಾದರೂ ಉಳಿದಿರುತ್ತದೆ ಅಲ್ವಾ? ಹಾಗಿದ್ದರೆ ನಿಮ್ಮ ಸೂಪಿನ ತೊಂದರೆ ಅರ್ಧ ಮುಗಿಯಿತು.

ತರಕಾರಿ ಬೇಯಿಸಿ ನೀರು ಸೇರಿಸಿದ ಮಾತ್ರಕ್ಕೆ ಸೂಪ್ ಆಗುವುದಿಲ್ಲ. ಐದು ನಿಮಿಷ ಬಿಟ್ಟು ನೋಡಿ, ತರಕಾರಿ ತಳಕ್ಕೆ ಕೂತಿರುತ್ತದೆ, ನೀರು ಮೇಲೆ ನಿಂತಿರುತ್ತದೆ. ಎರಡನ್ನೂ ಹಿಡಿದುಕೊಳ್ಳಲು ಗಂಜಿಯಂಥದ್ದು ಒಂದು ಬೇಕು. ಕಾರ್ನ್‌ಫ್ಲೋರ್ ಮಾಡುವುದೂ ಅದೇ ಕೆಲಸ. ಆದರೆ ಅದರಲ್ಲಿ ಬರೀ ಪಿಷ್ಟ, ರುಚಿ ಏನೂ ಇಲ್ಲ. ಒಂದು ಚಮಚ ಜಾಸ್ತಿ ಬಿದ್ದರೆ ಬಟ್ಟಲಲ್ಲಿ ಆರುವಷ್ಟರಲ್ಲಿ ಗಟ್ಟಿಯಾಗಿಬಿಡುತ್ತದೆ. ಅನ್ನ ಹಾಗಲ್ಲ. ತರಕಾರಿ ಜೊತೆ ಬೆಂದು ಕರಗಿ ಹೋಗುತ್ತದೆ, ಹಾಕಿದ್ದೇ ಗೊತ್ತಾಗುವುದಿಲ್ಲ. ಎರಡು ಚಮಚ ಹೆಸರುಬೇಳೆ ಹಾಕಿದರೂ ಆಗುತ್ತದೆ, ಮಕ್ಕಳಿಗೆ ಅದು ಇನ್ನೂ ಒಳ್ಳೆಯದು. ಜ್ವರ ಬಂದಾಗ ಅಜ್ಜಿ ಕೊಡುತ್ತಿದ್ದ ಗಂಜಿ ನೆನಪಿದೆಯಲ್ಲ? ಅದಕ್ಕೆ ತರಕಾರಿ ಸೇರಿಸುತ್ತಿದ್ದೇವೆ, ಅಷ್ಟೇ.

ಸಿಹಿಗುಂಬಳದಿಂದ ಶುರು ಮಾಡಿ. ಅದು ಕೆಡುವುದು ಕಷ್ಟ. ನಾಲ್ಕು ಜನಕ್ಕೆ ಅರ್ಧ ಕಿಲೋ ಸಾಕು. ಸಿಪ್ಪೆ ತೆಗೆದು ದೊಡ್ಡ ದೊಡ್ಡ ತುಂಡು ಮಾಡಿ, ಸಣ್ಣಗೆ ಹೆಚ್ಚುವ ಕೆಲಸ ಇಲ್ಲ. ಕುಕ್ಕರಿನಲ್ಲಿ ಒಂದು ಚಮಚ ತುಪ್ಪ ಬಿಸಿ ಮಾಡಿ, ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ ಹಾಕಿ ಬಾಡಿಸಿ. ಈರುಳ್ಳಿ ಅಂಚು ಸ್ವಲ್ಪ ಕೆಂಪಾಗುವ ತನಕ ಕಾಯಿರಿ. ಇಲ್ಲಿ ಅವಸರ ಮಾಡಿದರೆ ಸೂಪಿಗೆ ಹಸಿ ವಾಸನೆ ಬರುತ್ತದೆ, ಆಮೇಲೆ ಏನು ಹಾಕಿದರೂ ಹೋಗುವುದಿಲ್ಲ. ಈಗ ಕುಂಬಳ, ಒಂದು ಹಿಡಿ ಅನ್ನ, ಮೂರು ಲೋಟ ನೀರು. ಮೂರು ಕೂಗು ಬರಲಿ. ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಅನ್ನ, ಬೇಳೆ ನೊರೆ ಬಂದು ವೆಯ್ಟ್ ಕೂರುವ ತೂತಿಗೆ ಸಿಕ್ಕಿಕೊಳ್ಳಬಹುದು.

ಒತ್ತಡ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು ಕಡಗೋಲಿನಿಂದ ಕಡೆಯಿರಿ. ಹೌದು, ಮಿಕ್ಸಿ ಬೇಡ. ನಾನು ಹೋಂಸ್ಟೇ ಒಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದಾಗ, ಹತ್ತು ಜನ ಅತಿಥಿಗಳು ಕಾಯುತ್ತಿದ್ದಾರೆ ಅಂತ ಕುದಿಯುವ ಕುಂಬಳವನ್ನೇ ಮಿಕ್ಸಿ ಜಾರಿಗೆ ಸುರಿದು ಗುಂಡಿ ತಿರುಗಿಸಿದ್ದೆ. ಒಳಗಿನ ಹಬೆಗೆ ಮುಚ್ಚಳ ಹಾರಿತು. ಕೈ ಮೇಲೆ ಬಿದ್ದದ್ದು ಸ್ವಲ್ಪವೇ, ಪುಣ್ಯ. ಗೋಡೆ ಮಾತ್ರ ಆ ವರ್ಷ ಸುಣ್ಣ ಹೊಡೆಸುವ ತನಕ ಹಳದಿಯಾಗಿಯೇ ಇತ್ತು. ಮಿಕ್ಸಿಗೇ ಹಾಕಬೇಕು ಅಂದರೆ ಆರಿಸಿ, ಜಾರಿಗೆ ಅರ್ಧ ಮಾತ್ರ ಹಾಕಿ.

ಕಡಗೋಲಿನ ಸೂಪ್ ಹೆಚ್ಚು ರುಚಿ ಅಂತ ನನಗೆ ಗೊತ್ತಾಗಿದ್ದು 2018ರ ಆಗಸ್ಟಿನಲ್ಲಿ. ಆ ಮಳೆ, ಗುಡ್ಡ ಕುಸಿತ ಕೊಡಗಿನಲ್ಲಿ ಯಾರು ಮರೆಯುತ್ತಾರೆ? ದಿನಗಟ್ಟಲೆ ಕರೆಂಟ್ ಇಲ್ಲ. ಅಟ್ಟದಲ್ಲಿ ಕುಂಬಳಕಾಯಿ ಇತ್ತು, ಡಬ್ಬದಲ್ಲಿ ಅಕ್ಕಿ ಇತ್ತು, ಗೋಡೆಯಲ್ಲಿ ಕಡಗೋಲು ನೇತಾಡುತ್ತಿತ್ತು. ಮಿಕ್ಸಿಯಲ್ಲಿ ಎಲ್ಲ ಒಂದೇ ಸಮ ನುಣ್ಣಗಾಗುತ್ತದೆ. ಕಡೆದರೆ ಅಲ್ಲೊಂದು ಇಲ್ಲೊಂದು ತುಣುಕು ನಾಲಿಗೆಗೆ ಸಿಗುತ್ತದೆ. ನಿಮ್ಮ ಐದು ವರ್ಷದವನು ತುಣುಕು ಸಿಕ್ಕಿದರೆ ಉಗಿಯುವ ಜಾತಿ ಅಂದರೆ ಜರಡಿ ಹಿಡಿಯಿರಿ. ಬಲವಂತ ಬೇಡ.

ಈಗ ಉಪ್ಪು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮಾವನಿಗೆ ಬಿಪಿ ಇದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು ಒಂದು ಟೀ ಚಮಚ. ಅದರಲ್ಲೇ ತಿಂಡಿ, ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಬಂತು. ಇನ್ನು ಪ್ಯಾಕೆಟ್ ಸೂಪ್ ಎತ್ತಿಕೊಂಡಾಗ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಸೋಡಿಯಂ ಎಷ್ಟಿದೆ ನೋಡಿ. 400 ಮಿಲಿಗ್ರಾಂ ಸೋಡಿಯಂ ಅಂದರೆ ಸುಮಾರು 1 ಗ್ರಾಂ ಉಪ್ಪು. ಅದು ಒಂದು ಬಟ್ಟಲಿಗೆ ಬರೆದಿದ್ದಾ, 100 ಗ್ರಾಂಗೆ ಬರೆದಿದ್ದಾ ಅನ್ನುವುದನ್ನೂ ನೋಡಿ. ಲೆಕ್ಕ ಹಾಕಿದರೆ ಪ್ಯಾಕೆಟ್ ಬಿಟ್ಟಿದ್ದು ಒಳ್ಳೆಯದೇ ಆಯಿತು ಅನಿಸುತ್ತದೆ.

ನಾನು ಮಾಡುವುದು ಹೀಗೆ. ಉಪ್ಪು ಹಾಕುವ ಮೊದಲೇ ಬಿಪಿ ಇರುವವರ ಬಟ್ಟಲು ತೆಗೆದಿಡುತ್ತೇನೆ. ಅದಕ್ಕೆ ಒಂದು ಚಿಟಿಕೆ ಉಪ್ಪು, ಜೊತೆಗೆ ಹುಳಿ, ಕಾಳುಮೆಣಸು ಸ್ವಲ್ಪ ಮುಂದು. ಹುಳಿ ಸರಿಯಾಗಿ ಬಿದ್ದರೆ ನಾಲಿಗೆ ಉಪ್ಪು ಕೇಳುವುದಿಲ್ಲ. ಉಳಿದ ಮೂರು ಬಟ್ಟಲಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಹಾಕಿ ರುಚಿ ನೋಡಿ. ಅಂಗಡಿಯಲ್ಲಿ ಲೋ ಸೋಡಿಯಂ ಉಪ್ಪು ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಆಗುವುದಿಲ್ಲ. ಡಾಕ್ಟರನ್ನು ಕೇಳದೆ ತರಬೇಡಿ.

ಹುಳಿ ಅಂದರೆ ನಮ್ಮಲ್ಲಿ ಕಾಚಂಪುಳಿ ಇದೆಯಲ್ಲ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ ಮಾತ್ರ ಅಂತ ಎತ್ತಿಟ್ಟಿರುತ್ತಾರೆ, ಸುಮ್ನೆ. ಪಾನಪುಳಿ ಹಣ್ಣಿನ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿ ಮಾಡಿದ ಈ ಹುಳಿ ಕುಂಬಳದ ಸಿಹಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ? ನಾಲ್ಕು ಬಟ್ಟಲಿಗೆ ಕಾಲು ಟೀ ಚಮಚ, ಅಷ್ಟೇ. ಜಾಸ್ತಿ ಆದರೆ ಸೂಪ್ ಕಪ್ಪಾಗುತ್ತದೆ, ಹಲ್ಲು ಚುಳ್ ಅನ್ನುತ್ತದೆ. ಒಲೆ ಆರಿಸಿದ ಮೇಲೆ ಹಾಕಿ. ಬಾಟಲಿ ಗಾಜಿನದೇ ಇರಲಿ, ಅಷ್ಟು ಹುಳಿಯನ್ನು ಲೋಹದ ಪಾತ್ರೆಯಲ್ಲಿ ಇಡಬಾರದು. ಕಾಚಂಪುಳಿ ಇಲ್ಲದಿದ್ದರೆ ನಿಂಬೆಹಣ್ಣು.

ಕಾಳುಮೆಣಸೂ ಕೊನೆಗೇ. ಮೊದಲೇ ಹಾಕಿ ಕುದಿಸಿದರೆ ಖಾರ ಉಳಿಯುತ್ತದೆ, ಪರಿಮಳ ಹಬೆಯ ಜೊತೆ ಹೋಗಿಬಿಡುತ್ತದೆ. ತೋಟದ ಮೆಣಸು ಮನೆಯಲ್ಲೇ ಇಟ್ಟುಕೊಂಡು ಪೇಟೆಯ ಪುಡಿ ಡಬ್ಬ ತರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕುಟ್ಟಾಣಿಯಲ್ಲಿ ಹತ್ತು ಕಾಳು ಹಾಕಿ ನಾಲ್ಕು ಸಲ ಕುಟ್ಟಿ. ತರಿತರಿಯಾಗಿರಲಿ.

ಈ ಒಂದು ಸೂಪ್ ಕೈಗೆ ಹತ್ತಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಕುಂಬಳದ ಬದಲು ಕ್ಯಾರೆಟ್, ಟೊಮೆಟೊ, ಸೋರೆಕಾಯಿ, ಬಸಳೆ, ಯಾವುದಾದರೂ ಸರಿ. ಟೊಮೆಟೊ ಹಾಕಿದ ದಿನ ಬೇರೆ ಹುಳಿ ಬೇಡ. ಸೋರೆಕಾಯಿ ಬೇಯಿಸುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ, ಆ ಕಹಿ ವಿಷ.

ಶೀತ, ಕೆಮ್ಮು ಇದ್ದ ದಿನ ಹುರುಳಿಕಾಳಿನ ಕಟ್ಟು ಮಾಡಿ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಂದು ಲೋಟ ಹುರುಳಿ ನೆನೆಹಾಕಿ ಹೋದರೆ ಸಂಜೆಗೆ ತಯಾರು. ಐದಾರು ಕೂಗು ಬೇಕಾಗುತ್ತದೆ. ನೀರು ಬಸಿದು, ಬೆಂದ ಕಾಳಿನಲ್ಲಿ ಎರಡು ಸೌಟು ಅದಕ್ಕೇ ಹಿಸುಕಿ ಹಾಕಿ. ಬರೀ ನೀರು ಕುಡಿದರೆ ಕಾಳಿನ ಸತ್ವ ಬಹುಪಾಲು ಕಾಳಲ್ಲೇ ಉಳಿಯುತ್ತದೆ. ತುಪ್ಪದಲ್ಲಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ, ಎರಡು ತೊಟ್ಟು ಕಾಚಂಪುಳಿ. ಉಳಿದ ಕಾಳು ಮರುದಿನದ ಪಲ್ಯಕ್ಕೆ.

ಕೋಳಿ ಸೂಪಿಗೆ ಮಾಂಸಕ್ಕಿಂತ ಮೂಳೆ, ಕತ್ತು, ರೆಕ್ಕೆ ಮುಖ್ಯ. ತಣ್ಣೀರಿನಲ್ಲೇ ಹಾಕಿ ನಿಧಾನವಾಗಿ ಬಿಸಿ ಮಾಡಿ, ಮೇಲೆ ಬರುವ ಬೂದು ನೊರೆ ತೆಗೆದು ಆಮೇಲೆ ಕುಕ್ಕರ್ ಮುಚ್ಚಿ. ಫಾರಂ ಕೋಳಿಗೆ ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ, ನಾಟಿ ಕೋಳಿಗೆ ಮುಕ್ಕಾಲು ಗಂಟೆ. ಹಾಗಾಗಿ ನಾಟಿ ಕೋಳಿ ಭಾನುವಾರದ ಕೆಲಸ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಅಲುಗಾಡುವ ಜೆಲ್ಲಿಯ ಹಾಗೆ ಆಗಿರುತ್ತದೆ. ಕೆಟ್ಟಿತು ಅಂತ ಚೆಲ್ಲಬೇಡಿ, ಮೂಳೆ ಮತ್ತು ಚರ್ಮದಿಂದ ಇಳಿದ ಅಂಟು ಅದು. ಬಿಸಿ ಮಾಡಿದರೆ ಕರಗುತ್ತದೆ. ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಲ್ಲಿ ಎತ್ತಿ ತೆಗೆದರೆ ಮಾವನಿಗೂ ಒಳ್ಳೆಯದು. ಒಂದು ಮಾತು: ಮೂಳೆ ಸೂಪ್ ಕುಡಿದರೆ ಮೂಳೆಗೆ ಸುಣ್ಣದ ಅಂಶ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮೂಳೆಯಿಂದ ನೀರಿಗೆ ಇಳಿಯುವ ಸುಣ್ಣ ತೀರಾ ಕಡಿಮೆ. ಅದಕ್ಕೆ ಹಾಲು, ಮೊಸರು, ರಾಗಿಯೇ ಸರಿ. ಸೂಪನ್ನು ರುಚಿಗೆ ಕುಡಿಯಿರಿ. ಕರೆಂಟ್ ನಂಬುವ ಹಾಗಿಲ್ಲದ ದಿನ ಕೋಳಿ ಸೂಪ್ ಅವತ್ತಿಗೆ ಆಗುವಷ್ಟೇ ಮಾಡಿ.

ಮಳೆಗಾಲ ಅಂದ ಮೇಲೆ ಅಣಬೆ ಕೇಳುತ್ತೀರಿ. ಕಾಡಿನ ಅಣಬೆಯನ್ನು ಗುರುತು ಹಿಡಿಯಬಲ್ಲ ಹಿರಿಯರು ಕೈಯಾರೆ ತಂದುಕೊಟ್ಟರೆ ಮಾತ್ರ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಅಕ್ಕಿ ಬಣ್ಣ ಬದಲಾದರೆ ವಿಷ ಅನ್ನುವ ಪರೀಕ್ಷೆಗಳೆಲ್ಲ ಸುಳ್ಳು. ಇಲ್ಲವಾದರೆ ಬೆಳೆಸಿದ ಚಿಪ್ಪಣಬೆ ತನ್ನಿ, ಅದನ್ನು ತುಪ್ಪದಲ್ಲಿ ಹುರಿದು ಇದೇ ಅನ್ನದ ಗಂಜಿಗೆ ಹಾಕಿ. ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ಸೂಪಿಗೆ ತರಬೇಡಿ. ಎರಡು ಮೂರು ದಿನ ನೀರು ಬದಲಿಸಿ ನೆನೆಸಿ, ಬೇಯಿಸಿ, ಆ ನೀರು ಚೆಲ್ಲದೆ ತಿನ್ನುವ ಹಾಗಿಲ್ಲ. ಆರೂವರೆಗೆ ಮನೆಗೆ ಬರುವವರಿಗೆ ಅದೆಲ್ಲ ಯಾಕೆ?

ಇನ್ನು ಸಿಹಿ. ನಿಮ್ಮ ಪಾಯಸ ಯಾಕೆ ಒಡೆಯುತ್ತದೆ ಅಂತ ಮೊದಲು ನೋಡೋಣ. ಕಬ್ಬಿನ ಹಾಲು ಸ್ವಲ್ಪ ಹುಳಿ ಗುಣದ್ದು. ಗಾಣದ ಮನೆಯಲ್ಲಿ ಸುಣ್ಣ ಹಾಕಿ ಆ ಹುಳಿ ಮುರಿಯುತ್ತಾರೆ. ಅದು ಪ್ರತಿ ಸಲ ಒಂದೇ ಹದ ಬರುವುದಿಲ್ಲ. ಹಾಗಾಗಿ ಒಂದು ಅಚ್ಚು ಬೆಲ್ಲದಲ್ಲಿ ಹುಳಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಕುದಿಯುವ ಹಾಲಿಗೆ ಹುಳಿ ಬೆಲ್ಲ ಬಿದ್ದರೆ ಒಡೆಯದೆ ಇರುತ್ತದಾ? ಮೂರು ಸಲಕ್ಕೆ ಎರಡು ಸಲ ಅಂದಿರಲ್ಲ, ನಿಮ್ಮ ಕೈಯ ತಪ್ಪಲ್ಲ ಅದು, ಬೆಲ್ಲದ ಆಟ.

ದಾರಿ ಎರಡು. ಹಾಲೇ ಬೇಕು ಅಂದರೆ ಬೆಲ್ಲವನ್ನು ಅರ್ಧ ಲೋಟ ನೀರಲ್ಲಿ ಕರಗಿಸಿ ಸೋಸಿ, ಬೆಂದ ಬೇಳೆ ಅಥವಾ ಅಕ್ಕಿ ಜೊತೆ ಐದು ನಿಮಿಷ ಕುದಿಸಿ. ಒಲೆ ಆರಿಸಿ. ಪಾತ್ರೆಯ ಬದಿ ಮುಟ್ಟುವ ಹಾಗೆ ಆರಲಿ. ಆಮೇಲೆ ಕಾಯಿಸಿ ಆರಿಸಿದ ಹಾಲು ಸೇರಿಸಿ. ಮತ್ತೆ ಕುದಿಸಬೇಡಿ, ಬೆಚ್ಚಗೆ ಮಾಡಿಕೊಂಡು ಕುಡಿಯಿರಿ. ಸೋಸುವುದನ್ನು ಮಾತ್ರ ಮರೆಯಬೇಡಿ. ಕಳೆದ ಸಲ ನಾನು ಸೋಸಿದಾಗ ಜರಡಿಯಲ್ಲಿ ಕಬ್ಬಿನ ನಾರು, ಮರಳು, ಒಂದು ಸಣ್ಣ ಕಲ್ಲು ಉಳಿದಿತ್ತು.

ನನಗೆ ಇಷ್ಟ ಎರಡನೆಯ ದಾರಿ: ತೆಂಗಿನ ಹಾಲು. ಬೆಲ್ಲಕ್ಕೆ ಅದು ಹಸುವಿನ ಹಾಲಿನ ಹಾಗೆ ಒಡೆಯುವುದಿಲ್ಲ. ಒಂದು ಕಾಯಿ ತುರಿದು, ಬೆಚ್ಚನೆ ನೀರು ಹಾಕಿ ಕೈಯಲ್ಲೇ ಚೆನ್ನಾಗಿ ಕಿವುಚಿ ಹಿಂಡಿ, ಮಿಕ್ಸಿ ಬೇಕಿಲ್ಲ. ಮೊದಲು ಹಿಂಡಿದ ಗಟ್ಟಿ ಹಾಲು ಬೇರೆ ಇಡಿ. ಎರಡನೆಯ ಸಲದ ತೆಳು ಹಾಲಿನಲ್ಲಿ ಹುರಿದು ಬೇಯಿಸಿದ ಹೆಸರುಬೇಳೆ, ಬೆಲ್ಲದ ನೀರು ಕುದಿಸಿ. ಒಲೆ ಆರಿಸಿದ ಮೇಲೆ ಗಟ್ಟಿ ಹಾಲು, ಏಲಕ್ಕಿ. ಗಟ್ಟಿ ಹಾಲು ಹಾಕಿ ಕೊತಕೊತ ಕುದಿಸಿದರೆ ಎಣ್ಣೆ ಬಿಡುತ್ತದೆ, ಅಷ್ಟು ನೆನಪಿರಲಿ.

ಕೊಡವರ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಾಡುವ ಮದ್ದು ಪಾಯಸದ ಉಪಾಯವೂ ಇದೇ. ಆಗಸ್ಟ್ 3ರ ಹೊತ್ತಿಗೆ, ಕಕ್ಕಡದ ಹದಿನೆಂಟನೇ ದಿನ, ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು, ಕಡ್ಡಿ ಕುದಿಸಿದರೆ ನೀರು ಕಡು ನೇರಳೆ. ಆ ನೀರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನ ಹಾಲು ಹಾಕುತ್ತಾರೆ. ಮಕ್ಕಳಿಗೆ ಮೊದಲೇ ಹೇಳಿಬಿಡಿ, ತಿಂದ ಮೇಲೆ ಮೂತ್ರ ಕೆಂಪಗೆ ಬರುತ್ತದೆ. ಹೇಳದಿದ್ದರೆ ಬಾತ್‌ರೂಮಿನಿಂದ ಕಿರುಚಿಕೊಂಡು ಓಡಿ ಬರುತ್ತಾರೆ.

ಕರೆಂಟೂ ಇಲ್ಲ, ಗ್ಯಾಸೂ ಮುಗಿದಿದೆ ಅನ್ನುವ ದಿನಕ್ಕೆ ತಂಬುಟ್ಟು. ಭತ್ತದ ಕೊಯ್ಲಿನ ಹುತ್ತರಿ ಹಬ್ಬಕ್ಕೆ ಮಾತ್ರ ಮಾಡಬೇಕು ಅಂತ ಯಾರೂ ಕಾನೂನು ಮಾಡಿಲ್ಲ. ಅಕ್ಕಿಯನ್ನು ಸ್ವಲ್ಪ ಮೆಂತ್ಯದ ಜೊತೆ ಹುರಿದು ಏಲಕ್ಕಿ ಸೇರಿಸಿ ಪುಡಿ ಮಾಡಿಸಿದರೆ ಡಬ್ಬದಲ್ಲಿ ಇರುತ್ತದೆ, ಪುಡಿಯೇ ಅಂಗಡಿಯಲ್ಲೂ ಸಿಗುತ್ತದೆ. ಸಿಪ್ಪೆ ಮೇಲೆ ಕಪ್ಪು ಚುಕ್ಕಿ ಬಂದ, ಮಕ್ಕಳು ಮುಟ್ಟದ ಬಾಳೆಹಣ್ಣು ಇರುತ್ತದಲ್ಲ, ಅದೇ ಬೇಕಾಗಿರುವುದು. ನಾಲ್ಕೈದು ಹಣ್ಣು ಕೈಯಲ್ಲಿ ಹಿಸುಕಿ, ಚಿಟಿಕೆ ಉಪ್ಪು ಹಾಕಿ, ಪುಡಿಯನ್ನು ಸ್ವಲ್ಪ ಸ್ವಲ್ಪವೇ ಕಲಸಿ. ಒಮ್ಮೆಗೇ ಸುರಿಯಬೇಡಿ. ಹುರಿದ ಹಿಟ್ಟು ಹತ್ತು ನಿಮಿಷ ಕಳೆದ ಮೇಲೂ ನೀರು ಹೀರುತ್ತಲೇ ಇರುತ್ತದೆ, ಮೊದಲು ಮೆತ್ತಗಿದ್ದದ್ದು ಆಮೇಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲೆ ಕಾಯಿತುರಿ, ಹುರಿದ ಎಳ್ಳು, ನಡುವೆ ಬೆರಳಲ್ಲಿ ಗುಳಿ ಮಾಡಿ ತುಪ್ಪ. ಬೆಲ್ಲವೂ ಬೇಡ, ಸಕ್ಕರೆಯೂ ಬೇಡ.

ಬಟರ್ ಫ್ರೂಟ್ ಸಿಗುವ ಕಾಲದಲ್ಲಿ ಇನ್ನೂ ಸುಲಭ. ಕಾಫಿ ತೋಟದಲ್ಲಿ ಮರ ಇದ್ದವರು ಚೀಲಗಟ್ಟಲೆ ಕೊಡುತ್ತಾರೆ. ಗಟ್ಟಿ ಇದ್ದರೆ ಬಾಳೆಹಣ್ಣಿನ ಜೊತೆ ಅಕ್ಕಿ ಡಬ್ಬದಲ್ಲಿ ಹೂತಿಡಿ, ಎರಡು ಮೂರು ದಿನಕ್ಕೆ ಹಣ್ಣಾಗುತ್ತದೆ. ತಿರುಳಿಗೆ ಬೆಲ್ಲದ ಪುಡಿ, ಏಲಕ್ಕಿ, ಕಪ್ಪಾಗದ ಹಾಗೆ ನಾಲ್ಕು ತೊಟ್ಟು ನಿಂಬೆರಸ, ಮುಳ್ಳುಚಮಚದಲ್ಲಿ ಹಿಸುಕಿದರೆ ಮುಗಿಯಿತು. ಅದನ್ನು ಕುದಿಸಲು ಮಾತ್ರ ಹೋಗಬೇಡಿ, ಕಹಿಯಾಗುತ್ತದೆ.

ಮಾವನ ವಿಷಯಕ್ಕೆ ಬರುತ್ತೇನೆ. ಶುಗರ್ ಇದ್ದವರಿಗೆ ಸಕ್ಕರೆ ಬೇಡ, ಬೆಲ್ಲ ಪರವಾಗಿಲ್ಲ, ಜೇನು ಒಳ್ಳೆಯದು ಅನ್ನುವ ಮಾತು ಎಲ್ಲ ಮನೆಯಲ್ಲೂ ಇದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಜೇನು ತೋಟದ್ದಾದರೂ ರಕ್ತದ ಸಕ್ಕರೆ ಏರಿಸುವುದು ಏರಿಸುತ್ತದೆ. ತಂಬುಟ್ಟಿನ ಬಾಳೆಹಣ್ಣು, ಅಕ್ಕಿ ಹಿಟ್ಟೂ ಹಾಗೆಯೇ. ಅವರಿಗೆ ಬಟರ್ ಫ್ರೂಟ್ ಸರಿಹೊಂದುತ್ತದೆ, ಸಕ್ಕರೆ ಅಂಶ ತುಂಬಾ ಕಡಿಮೆ. ಸಿಹಿ ಹಾಕದೆ ನಿಂಬೆ, ಕಾಳುಮೆಣಸು ಹಾಕಿ ಕೊಡಿ. ಅವರ ಸೂಪಿಗೆ ಅನ್ನದ ಬದಲು ಹೆಸರುಬೇಳೆ ಇರಲಿ. ಪಾಯಸ ಮಾಡಿದ ದಿನ ಎಲ್ಲರೂ ತಿನ್ನುವಾಗ ಅವರೊಬ್ಬರೇ ಸುಮ್ಮನೆ ಕೂರುವ ಹಾಗೆ ಮಾಡಬೇಡಿ. ಆಗ ರಾತ್ರಿ ಅಡುಗೆಮನೆಯಲ್ಲಿ ಡಬ್ಬದ ಸದ್ದು ಕೇಳುತ್ತದೆ. ಎರಡು ಚಮಚ ಕೊಟ್ಟು ಆ ಹೊತ್ತಿನ ಅನ್ನ ಕಡಿಮೆ ಮಾಡಿ. ಎಷ್ಟು ತಿನ್ನಬಹುದು ಅನ್ನುವ ಲೆಕ್ಕ ಅವರ ಡಾಕ್ಟರದ್ದು.

ಕೆಲಸದ ದಿನ ಸೂಪ್, ಸಿಹಿ ಎರಡನ್ನೂ ಹೇಗೆ ಹೊಂದಿಸುವುದು ಅಂದರೆ, ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸುವ ಪಾಪುಟ್ಟು ಮಾಡಿ. ಮನೆಗೆ ಬಂದ ಕೂಡಲೇ ಒಂದು ಲೋಟ ಅಕ್ಕಿ ತರಿ ತೊಳೆದು, ಒಂದು ಲೋಟ ಹಾಲು, ಮುಕ್ಕಾಲು ಲೋಟ ನೀರು, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ನೆನೆಯಲು ಬಿಡಿ. ಇಲ್ಲಿ ಸಕ್ಕರೆಯೇ ಇರಲಿ, ಬೆಲ್ಲ ಬೇಡ, ಕಾರಣ ಆಗಲೇ ಹೇಳಿದೆ. ಅದು ನೆನೆಯುವಷ್ಟರಲ್ಲಿ ಈರುಳ್ಳಿ ಬಾಡಿಸಿ ಕುಂಬಳ ಕುಕ್ಕರಿಗೆ ಏರಿಸಿ. ಮೂರು ಕೂಗು ಬಂದು ಒಲೆ ಖಾಲಿಯಾದಾಗ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯಲು ಇಡಿ. ತುಪ್ಪ ಸವರಿದ ತಟ್ಟೆಗೆ ತರಿ ಸುರಿಯುವ ಮೊದಲು ತಳದಿಂದ ಕಲಕಿ, ಇಲ್ಲದಿದ್ದರೆ ಮೊದಲ ತಟ್ಟೆಗೆ ಬರೀ ಹಾಲು, ಕೊನೆಯ ತಟ್ಟೆಗೆ ಬರೀ ತರಿ. ಅರ್ಧ ಇಂಚು ದಪ್ಪ ಇರಲಿ, ಮೇಲೆ ಕಾಯಿತುರಿ ಉದುರಿಸಿ ಇಪ್ಪತ್ತು ಇಪ್ಪತ್ತೈದು ನಿಮಿಷ ಹಬೆ. ಅಷ್ಟರಲ್ಲಿ ಕುಕ್ಕರಿನ ಒತ್ತಡ ಇಳಿದಿರುತ್ತದೆ, ಸೂಪ್ ಕಡೆದು, ಮಾವನ ಬಟ್ಟಲು ತೆಗೆದಿಟ್ಟು, ಉಪ್ಪು ಮೆಣಸು ಹಾಕಿ ಬಡಿಸಿ. ಎಲ್ಲರೂ ಸೂಪ್ ಕುಡಿದು ಮುಗಿಸುವ ಹೊತ್ತಿಗೆ ಪಾಪುಟ್ಟು ಇಳಿಸಬಹುದು. ತಟ್ಟೆ ಐದು ನಿಮಿಷ ಆರಲಿ, ಬಿಸಿಯಲ್ಲೇ ಕತ್ತರಿಸಿದರೆ ಚಾಕುವಿಗೆ ಅಂಟುತ್ತದೆ.